ಮೂರು ಗಿರಣಿಗಳ ಹಸಿರು

ನಮ್ಮ ಗಿರಣಿ ಇನ್ನೆರಡು ಗಿರಣಿಗಳ ಜೊತೆ ಸೇರಿ ಒಂದೇ ಕಂಪನಿಯಾದ ಸುದ್ದಿಯನ್ನು ನನಗೆ ತಿಳಿಸಿದ್ದು ಒಂದು ಕಾಫಿ ಕಪ್ಪು. ತೊಂಬತ್ತರ ದಶಕದ ಮೊದಲ ವರ್ಷಗಳು. ದಕ್ಷಿಣ ಕ್ಯಾರೊಲೈನಾದಲ್ಲಿ, ಸ್ಪಾರ್ಟನ್‌ಬರ್ಗಿನಿಂದ ಅರ್ಧ ಗಂಟೆಯ ದಾರಿಯಲ್ಲಿದ್ದ ಹತ್ತಿ ನೂಲಿನ ಗಿರಣಿ ಅದು. ನಾನು ಅದರ ಗುಣಮಟ್ಟ ವಿಭಾಗದ ಮುಖ್ಯಸ್ಥ. ಸೋಮವಾರ ಬೆಳಿಗ್ಗೆ ಎಂದಿನಂತೆ ಆರೂ ನಲವತ್ತಕ್ಕೆ ಬಂದರೆ ನನ್ನ ಮೇಜಿನ ಮೇಲೆ ಹೊಸ ಹೆಸರು ಅಚ್ಚಾದ ಕಪ್ಪೊಂದು ಕೂತಿತ್ತು. ಒಳಗೆ ಮಡಿಸಿಟ್ಟ ಚೀಟಿಯಲ್ಲಿ 'ಕುಟುಂಬಕ್ಕೆ ಸ್ವಾಗತ' ಎಂದು ಬರೆದಿತ್ತು. ಆ ಗಿರಣಿಯಲ್ಲಿ ನಾನು ಹದಿನೇಳು ವರ್ಷ ಕಳೆದಿದ್ದೆ. ಅಷ್ಟು ಕಾಲ ಕುಟುಂಬದ ಹೊರಗಿದ್ದೆ ಎಂಬುದು ಗೊತ್ತಿರಲಿಲ್ಲ.

ನಮ್ಮ ಲ್ಯಾಬಿನ ಹಿರಿಯ ಪರೀಕ್ಷಕಿ ಅಷ್ಟು ಹೊತ್ತಿಗೆ ತನ್ನ ಕಪ್ಪಿನಲ್ಲಿ ಪೆನ್ಸಿಲುಗಳನ್ನು ನಿಲ್ಲಿಸಿಯಾಗಿತ್ತು. ಆಕೆ ಅದೇ ಊರಿನವಳು, ಮೂವತ್ತೊಂದು ವರ್ಷದಿಂದ ಅದೇ ಲ್ಯಾಬಿನಲ್ಲಿ ನೂಲನ್ನು ಸುತ್ತಿ, ತೂಗಿ, ಎಳೆದು ಪರೀಕ್ಷಿಸುತ್ತಿದ್ದವಳು. ಆಕೆಯ ಮಾತು ದಕ್ಷಿಣದವರ ನಿಧಾನದ ಇಂಗ್ಲಿಷು; ಇಲ್ಲಿ ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಅದು ಕಾಫಿ ಕುಡಿಯೋಕೆ ಕೊಟ್ಟಿದ್ದು," ಎಂದೆ.

"ಗೊತ್ತು. ಆದರೆ ಹೆಸರು ಮತ್ತೆ ಬದಲಾದರೆ ಕಪ್ಪು ವಾಪಸ್ ಕೇಳ್ತಾರೇನೋ. ಪೆನ್ಸಿಲಾದರೆ ಬೇಗ ಖಾಲಿ ಮಾಡಬಹುದು."

ಮೂರನ್ನೂ ಕೊಂಡವರು ಇಂಗ್ಲೆಂಡಿನವರು. ಮ್ಯಾಂಚೆಸ್ಟರಿನ ಸುತ್ತಮುತ್ತಲ ಹತ್ತಿ ಗಿರಣಿಗಳು ನೂರು ವರ್ಷದ ಹಿಂದೆ ಒಂದಾಗಿ, ಆಮೇಲೆ ಇನ್ನಷ್ಟು ಒಂದಾಗಿ, ಕೊನೆಗೆ ಅಲ್ಲಿ ಒಂದಾಗಲು ಯಾವ ಗಿರಣಿಯೂ ಉಳಿಯದೆ ಅಮೆರಿಕಕ್ಕೆ ಬಂದಿದ್ದ ಕಂಪನಿ. ಅವರ ಅಮೆರಿಕದ ಕಚೇರಿ ಅಟ್ಲಾಂಟಾದಲ್ಲಿ. ಕಪ್ಪಿನ ಜೊತೆ ಹೊಳೆಯುವ ಕಾಗದದ ಚರಿತ್ರೆಯ ಪುಸ್ತಿಕೆಯೂ ಬಂತು. ಮೊದಲ ಪುಟದಲ್ಲಿ ಕಪ್ಪು ಕೋಟಿನ ಮೀಸೆಯ ಯಜಮಾನರು ನಾಲ್ಕು ಸಾಲಾಗಿ ನಿಂತಿದ್ದರು. ಕೆಳಗೆ 'ನಮ್ಮ ಮೊದಲ ನಿರ್ದೇಶಕ ಮಂಡಳಿ' ಎಂದಿತ್ತು. ಮಂಡಳಿ ಎಷ್ಟು ದೊಡ್ಡದಿತ್ತೆಂದರೆ ಬಲತುದಿಯ ನಿರ್ದೇಶಕರ ಅರ್ಧ ಮುಖ ಫೋಟೋದ ಹೊರಗೆ ಹೋಗಿತ್ತು.

ಆ ಫೋಟೋ ನನಗೆ ಹೊಸದಾಗಿ ಕಾಣಲಿಲ್ಲ, ಏಕೆಂದರೆ ಅದರ ಕಥೆಯನ್ನು ನಾನು ಬೆಂಗಳೂರಿನಲ್ಲಿ ಕೇಳಿದ್ದೆ. ನನ್ನ ತಂದೆ ಅಲ್ಲಿನ ಬಟ್ಟೆ ಗಿರಣಿಯೊಂದರಲ್ಲಿ ಟೈಮ್‌ಕೀಪರ್. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಅಪ್ಪ ಇದ್ದರು. ಐವತ್ತರ ದಶಕದಲ್ಲಿ ಅದೇ ಗಿರಣಿಗೆ ನಾನು ಅಪ್ರೆಂಟಿಸ್ ಆಗಿ ಸೇರಿದಾಗ ನೂಲುವ ವಿಭಾಗದ ಮಾಸ್ಟರ್ ಲ್ಯಾಂಕಾಷೈರಿನ ಒಬ್ಬ ಇಂಗ್ಲಿಷಿನವರು. ಅವರಿಗೆ ಮೂರು ಕನ್ನಡ ಮಾತು ಬರುತ್ತಿದ್ದವು: 'ಬೇಗ', 'ಸಾಕು', 'ಇನ್ನೊಂದ್ಸಲ'. ಇಡೀ ವಿಭಾಗ ಅಷ್ಟರಲ್ಲೇ ನಡೆಯುತ್ತಿತ್ತು.

ಬೆಳಿಗ್ಗೆ ಏಳೂ ಹತ್ತಕ್ಕೆ ನೂಲು ತೂಗುವ ಕೆಲಸ. ಒಂದು ಪೌಂಡು ನೂಲಿನಲ್ಲಿ ಎಂಟುನೂರ ನಲವತ್ತು ಗಜದ ಎಷ್ಟು ಲಡಿ ಬರುತ್ತವೆಯೋ ಅದು ಆ ನೂಲಿನ ನಂಬರು. ನಂಬರು ಏರಿದಷ್ಟೂ ನೂಲು ಸಣ್ಣ. ಮಾಸ್ಟರು ತಕ್ಕಡಿಯ ಮುಳ್ಳಿನ ಮೇಲಿಂದ ಕಣ್ಣು ತೆಗೆಯದೆ ತಮ್ಮ ಊರಿನ ಕಥೆ ಹೇಳುತ್ತಿದ್ದರು. ಅವರ ತಾತನ ಕಾಲದಲ್ಲಿ ಗಿರಣಿಗಳ ಯಜಮಾನರೆಲ್ಲ ಪರಸ್ಪರ ಪೈಪೋಟಿ ಸಾಕೆಂದು ಒಂದು ಕಂಪನಿ ಕಟ್ಟಿದರು. ಸೇರಿದ ಪ್ರತಿ ಮನೆತನಕ್ಕೂ ಒಂದೊಂದು ನಿರ್ದೇಶಕನ ಕುರ್ಚಿ. ಸಭೆಗೆ ಸಾಲುವಷ್ಟು ದೊಡ್ಡ ಕೋಣೆ ಹುಡುಕುವುದೇ ಕಂಪನಿಯ ಮೊದಲ ವರ್ಷದ ಕೆಲಸವಾಯಿತು. ಒಂದಾದ ಮೇಲೂ ಪ್ರತಿ ಯಜಮಾನನೂ ಮೊದಲಿನ ಹಾಗೇ ಹತ್ತಿ ಕೊಂಡ, ಮೊದಲಿನ ಹಾಗೇ ನೂತ, ಪಕ್ಕದ ಗಿರಣಿಯ ಗಿರಾಕಿಯನ್ನು ಮೊದಲಿನ ಹಾಗೇ ಎಳೆದ. ಬದಲಾದದ್ದು ಪತ್ರದ ಮೇಲಿನ ಹೆಸರು ಮಾತ್ರ. ಯಾವುದಾದರೂ ಗಿರಣಿ ಮುಚ್ಚುವ ಮಾತು ಬಂದರೆ ಆ ಗಿರಣಿಯ ಯಜಮಾನ ಜೋರಾಗಿ ಕೆಮ್ಮುತ್ತಿದ್ದ. ಸಭೆ ಮುಂದಿನ ವಿಷಯಕ್ಕೆ ಹೋಗುತ್ತಿತ್ತು.

ಮಾಸ್ಟರ ಕಾಲ ಬರುವ ಹೊತ್ತಿಗೆ ಇಂಡಿಯಾ ಬಟ್ಟೆ ಕೊಳ್ಳುವುದನ್ನು ಕಡಿಮೆ ಮಾಡಿತ್ತು, ಜಪಾನು ಮಾರುವುದನ್ನು ಹೆಚ್ಚು ಮಾಡಿತ್ತು. ಈ ಸಲ ಬ್ಯಾಂಕುಗಳೇ ಗಿರಣಿಗಳ ಕುತ್ತಿಗೆ ಹಿಡಿದು ಒಂದು ಕಂಪನಿಯೊಳಕ್ಕೆ ತಳ್ಳಿದವು. ಸುತ್ತಿನಲ್ಲೆಲ್ಲ ಒಳ್ಳೆಯ ನೂಲು ಮಾಸ್ಟರ ಗಿರಣಿಯದು. ಮೊದಲು ಮುಚ್ಚಿದ್ದೂ ಅದೇ. ಅದರ ಯಜಮಾನ ಹಿಂದಿನ ವರ್ಷ ತೀರಿಕೊಂಡಿದ್ದ.

"ನಮ್ಮ ಪರವಾಗಿ ಕೆಮ್ಮುವವರು ಯಾರೂ ಇರಲಿಲ್ಲ," ಎಂದು ಮಾಸ್ಟರು ಹೇಳಿ ಲಡಿಯನ್ನು ನನ್ನ ಕಡೆ ತಳ್ಳುತ್ತಿದ್ದರು. "ಇನ್ನೊಂದ್ಸಲ."

ಆ ಗಿರಣಿಯ ಕದಿರುಗಳನ್ನು ಯಾರೂ ಮತ್ತೆ ಬಳಸಬಾರದೆಂದು ಸುತ್ತಿಗೆಯಿಂದ ಮುರಿಸಿದರಂತೆ. ಮುರಿಯುವ ಕೆಲಸಕ್ಕೆ ಒಂದು ವಾರದ ಕೂಲಿ ಕೊಟ್ಟು ಕರೆದದ್ದು ಅವನ್ನು ನಡೆಸಿದವರನ್ನೇ. ಅದು ಮುಗಿದ ತಿಂಗಳಲ್ಲಿ ಮಾಸ್ಟರು ಬೊಂಬಾಯಿಯ ಹಡಗು ಹತ್ತಿದರು. ನಾನು ಅವರಿಂದ ಕಲಿತ ಹಲವು ಸಂಗತಿಗಳಲ್ಲಿ ಒಂದು, ನೂಲು ಸುತ್ತುವ ಕೋನುಗಳ ಬಣ್ಣ. ರಟ್ಟಿನ ಕೋನಿನ ತುದಿಗೆ ಬಣ್ಣ ಬಳಿದಿದ್ದರೆ ದೂರದಿಂದಲೇ ನೂಲಿನ ನಂಬರು ಗೊತ್ತಾಗುತ್ತದೆ: ಇಪ್ಪತ್ತರ ನೂಲಿಗೆ ಹಳದಿ, ಮೂವತ್ತಕ್ಕೆ ಹಸಿರು, ನಲವತ್ತಕ್ಕೆ ಕೆಂಪು. ಕ್ಯಾರೊಲೈನಾಕ್ಕೆ ಬಂದ ಮೊದಲ ವರ್ಷವೇ ನಾನು ಅದನ್ನು ನಮ್ಮ ಗಿರಣಿಯಲ್ಲಿ ಜಾರಿಗೆ ತಂದೆ. ನಾವು ಹೆಚ್ಚಾಗಿ ನೂಲುತ್ತಿದ್ದದ್ದು ಮೂವತ್ತು. ನಮ್ಮ ಗಿರಣಿಯೆಂದರೆ ಹಸಿರು.

ಕಪ್ಪು ಬಂದ ಎರಡನೆಯ ವಾರ ಅಟ್ಲಾಂಟಾದಿಂದ ಉಪಾಧ್ಯಕ್ಷ ಬಂದ. ನಲವತ್ತರ ಆಸುಪಾಸು, ಒಳ್ಳೆಯ ಹಲ್ಲು. ಊಟದ ಹಾಲಿನಲ್ಲಿ ಎಲ್ಲರನ್ನೂ ಸೇರಿಸಿ ಇಪ್ಪತ್ತು ನಿಮಿಷ ಮಾತನಾಡಿದ. 'ಕುಟುಂಬ' ಎಂಬ ಮಾತನ್ನು ಹದಿನಾಲ್ಕು ಸಲ ಹೇಳಿದ. ನಾನು ಗೆರೆ ಎಳೆದು ಎಣಿಸಿದೆ. ಯಾವ ಗಿರಣಿಯೂ ಮುಚ್ಚುವುದಿಲ್ಲ ಎಂದ. ಆಮೇಲೆ ವಿಭಾಗದ ಮುಖ್ಯಸ್ಥರನ್ನಷ್ಟೇ ಒಳಗೆ ಕರೆದು ಬಾಗಿಲು ಹಾಕಿ, ವರ್ಷದ ಕೊನೆಗೆ ಗಿರಾಕಿಗಳ ದೂರು ಹೆಚ್ಚು ಬಂದ ಗಿರಣಿಯನ್ನು 'ಹೊಸ ಕಣ್ಣಿನಿಂದ ನೋಡಲಾಗುವುದು' ಎಂದ. ಅದಲ್ಲದೆ ಮೂರು ಗಿರಣಿಗೆ ಮೂರು ಲ್ಯಾಬು ಬೇಡ, ಒಂದು ಸಾಕು.

ಲ್ಯಾಬಿಗೆ ವಾಪಸಾದಾಗ ಪರೀಕ್ಷಕಿ ತಕ್ಕಡಿ ಒರೆಸುತ್ತಿದ್ದಳು.

"ಬಾಗಿಲು ಹಾಕಿದ ಮೇಲೆ ಏನಂದ?"

ಹೇಳಿದೆ. ಹೇಳಬಾರದೆಂದು ನಿಯಮವಿತ್ತು, ಆದರೆ ಆಕೆಗೆ ಸುಳ್ಳು ಹೇಳುವುದು ತಕ್ಕಡಿಗೆ ಸುಳ್ಳು ಹೇಳಿದ ಹಾಗೆ.

"ನನಗೆ ಎರಡು ವರ್ಷ ಬೇಕು," ಎಂದಳು. "ಅಷ್ಟೇ. ಅದರ ಮೇಲೆ ಈ ಕಟ್ಟಡಕ್ಕೆ ಏನು ಬೇಕಾದರೂ ಮಾಡಿಕೊಳ್ಳಲಿ."

ಏಕೆಂದು ನನಗೆ ಗೊತ್ತಿತ್ತು. ಆಕೆಯ ಗಂಡ ಹತ್ತಿ ಎಕ್ಕುವ ವಿಭಾಗದಲ್ಲಿ ಇಪ್ಪತ್ತೈದು ವರ್ಷ ದುಡಿದು, ಧೂಳು ಕುಡಿದು, ಶ್ವಾಸಕೋಶ ಕೆಡಿಸಿಕೊಂಡು ಮನೆಯಲ್ಲಿದ್ದ. ಆತನ ಔಷಧಿ, ಆಮ್ಲಜನಕದ ಸಿಲಿಂಡರು, ತಿಂಗಳಿಗೊಮ್ಮೆಯ ಡಾಕ್ಟರು, ಎಲ್ಲವೂ ಆಕೆಯ ಕೆಲಸದ ವಿಮೆಯ ಮೇಲೆ ನಿಂತಿದ್ದವು. ಅರವತ್ತೈದು ತುಂಬಿದರೆ ಸರ್ಕಾರ ನೋಡಿಕೊಳ್ಳುತ್ತದೆ. ಆತನಿಗೆ ಆಗ ಅರವತ್ಮೂರು.

ಮೂರು ಗಿರಣಿಗಳನ್ನು ಹೆಣೆಯಲು ಒಂದು ಏಕೀಕರಣ ಸಮಿತಿಯಾಯಿತು. ಪ್ರತಿ ಗಿರಣಿಯಿಂದ ಇಬ್ಬರು. ಆ ಹೆಸರು ಕೇಳಿ ನನಗೆ ಒಂದು ಬಗೆಯ ಗೌರವ ಹುಟ್ಟಿದ್ದು ನಿಜ. ನಮ್ಮ ತಲೆಮಾರಿನವರು ಏಕೀಕರಣ ಎಂದರೆ ಕರ್ನಾಟಕವೊಂದನ್ನೇ ನೆನೆಯುತ್ತೇವೆ. ಸಮಿತಿಯ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ನನ್ನ ಅಕ್ಷರ ಚೆನ್ನಾಗಿತ್ತು. ಪ್ರತಿ ತಿಂಗಳ ಎರಡನೆಯ ಬುಧವಾರ ಬೆಳಿಗ್ಗೆ ಆರಕ್ಕೆ ಹೊರಟು, ಮೂರು ಗಂಟೆ ಕಾರು ಓಡಿಸಿ, ಅಟ್ಲಾಂಟಾದ ಹೋಟೆಲಿನ ಸಭಾಂಗಣ ತಲುಪುತ್ತಿದ್ದೆ. ದಾರಿಯಲ್ಲಿ ಮೊಸರನ್ನದ ಡಬ್ಬಿ ಪಕ್ಕದ ಸೀಟಿನಲ್ಲಿರುತ್ತಿತ್ತು.

ಮೊದಲ ಸಭೆ ಲಾಂಛನಕ್ಕೆ ಹೋಯಿತು. ಎರಡನೆಯದು ಲಾಂಛನದ ನೀಲಿಗೆ. ಮೂರನೆಯ ಸಭೆಯಲ್ಲಿ ನಾನು 'ಕೋನುಗಳ ಬಣ್ಣ' ಎಂಬ ವಿಷಯವನ್ನು ಪಟ್ಟಿಗೆ ಸೇರಿಸಿದೆ, ಅದು ಒಂಬತ್ತನೆಯದಾಯಿತು. ಉಳಿದ ಎರಡರಲ್ಲಿ ನದಿ ದಂಡೆಯ ಗಿರಣಿಯವರ ಹಸಿರು ಕೋನಿನಲ್ಲಿ ಇಪ್ಪತ್ತಾರರ ನೂಲಿರುತ್ತಿತ್ತು. ಉತ್ತರ ಕ್ಯಾರೊಲೈನಾದ ರೈಲು ಹಳಿಯ ಪಕ್ಕದ ಗಿರಣಿಯವರು ಮೂವತ್ತರ ನೂಲನ್ನು ಗುಲಾಬಿ ಕೋನಿಗೆ ಸುತ್ತಿ, ಹಸಿರನ್ನು ಹದಿನೆಂಟಕ್ಕೆ ಇಟ್ಟಿದ್ದರು. ಬೇರೆ ಬೇರೆ ಊರಿನಲ್ಲಿದ್ದಾಗ ಯಾರಿಗೂ ತೊಂದರೆಯಿರಲಿಲ್ಲ. ಈಗ ಮೂವರ ನೂಲೂ ಒಂದೇ ಗೋದಾಮಿಗೆ ಬರಲಿತ್ತು, ಆ ಗೋದಾಮು ನಮ್ಮ ಅಂಗಳದಲ್ಲಿ.

ಒಂಬತ್ತನೆಯ ವಿಷಯಕ್ಕೆ ಸಮಿತಿ ಐದು ತಿಂಗಳು ತಲುಪಲಿಲ್ಲ, ಏಕೆಂದರೆ ಎಂಟನೆಯದು ಸಾಸು. ಒಂದಾದ ಸಂತೋಷಕ್ಕೆ ಕಂಪನಿ ಒಂದು ಪಿಕ್‌ನಿಕ್ ಮಾಡಲಿತ್ತು. ಆ ಸೀಮೆಯಲ್ಲಿ ಪಿಕ್‌ನಿಕ್ ಎಂದರೆ ಬೆಂಕಿಯ ಮೇಲೆ ಹಗಲೆಲ್ಲ ಬೇಯುವ ಹಂದಿ. ಹಂದಿಯ ಬಗ್ಗೆ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ನಮ್ಮ ಗಿರಣಿಯ ಕಡೆ ಅದರ ಮೇಲೆ ಸಾಸಿವೆಯ ಹಳದಿ ಸಾಸು ಹಾಕುತ್ತಾರೆ; ಉತ್ತರ ಕ್ಯಾರೊಲೈನಾದವರಿಗೆ ವಿನೆಗರಿನ ತೆಳು ಸಾಸೇ ಆಗಬೇಕು; ನದಿ ದಂಡೆಯ ಗಿರಣಿ ಜಾರ್ಜಿಯಾದ ಗಡಿಯಲ್ಲಿದ್ದುದರಿಂದ ಅವರದು ಟೊಮೆಟೊ ಮತ್ತು ಬೆಲ್ಲದಂಥ ಸಿಹಿ. ಲಾಂಛನದ ನೀಲಿಯನ್ನು ಬಿಟ್ಟುಕೊಟ್ಟ ಗಂಡಸರು ಸಾಸಿನ ವಿಷಯದಲ್ಲಿ ಮೇಜು ಕುಟ್ಟಿದರು. ಒಬ್ಬನ ತಾತ, ಇನ್ನೊಬ್ಬನ ಚರ್ಚು, ಮತ್ತೊಬ್ಬನ ಸತ್ತ ಚಿಕ್ಕಪ್ಪ ಎಲ್ಲರೂ ಸಭೆಗೆ ಬಂದರು. ಕೊನೆಗೆ ಉಪಾಧ್ಯಕ್ಷ ನನ್ನ ಕಡೆ ತಿರುಗಿದ.

"ನೀವು ಮಾಂಸ ತಿನ್ನಲ್ಲ ಅಲ್ವಾ?"

"ಇಲ್ಲ."

"ಹಾಗಾದರೆ ನಿಮಗೆ ಪಕ್ಷಪಾತ ಇಲ್ಲ. ನೀವೇ ತೀರ್ಪು ಕೊಡಿ."

ಹೀಗೆ ಮೈಸೂರು ಸೀಮೆಯ ಸಸ್ಯಾಹಾರಿಯೊಬ್ಬ ಮೂರು ರಾಜ್ಯಗಳ ಹಂದಿ ಸಾಸಿನ ನ್ಯಾಯಾಧೀಶನಾದ. ನಾನು ಕೆಲಸವನ್ನು ಕ್ರಮವಾಗಿ ಮಾಡಿದೆ. ಮೂರು ಬಟ್ಟಲು, ಮೂರು ಚೂರು ಬ್ರೆಡ್ಡು, ನಡುನಡುವೆ ನೀರು. ವಿನೆಗರಿನದು ಕೆಟ್ಟ ನಿಂಬೆಹಣ್ಣಿನ ಗೊಜ್ಜಿನ ಹಾಗಿತ್ತು, ಸಿಹಿಯದು ಒಗ್ಗರಣೆ ಮರೆತದ್ದು. ಸಾಸಿವೆಯದು ಮಾತ್ರ ಬಾಯಿಗೆ ಹಿಡಿಸಿತು. ಆದರೆ ಅದು ನಮ್ಮ ಗಿರಣಿಯ ಸಾಸು. ಪಕ್ಷಪಾತದ ಆಪಾದನೆ ಬರುತ್ತದೆಂದು, ಮೂರೂ ಇರಲಿ, ಮೂರು ಮೇಜಿನಲ್ಲಿಡಿ ಎಂದೆ. ಚಪ್ಪಾಳೆ ಬಿತ್ತು. ಎಲ್ಲರೂ ನನ್ನ ಕೈ ಕುಲುಕಿದರು. ಯಾರೂ ಏನನ್ನೂ ಬಿಡಬೇಕಾಗದ ತೀರ್ಪು ಎಷ್ಟು ಜನಪ್ರಿಯ ಎಂಬುದನ್ನು ಆ ದಿನ ಕಲಿತೆ. ಕಲಿತದ್ದು ಕೆಟ್ಟದ್ದಾಯಿತು.

ಈ ನಡುವೆ ಮೂರು ಗಿರಣಿಗಳ ಕಂಪ್ಯೂಟರುಗಳನ್ನು ಒಂದು ಮಾಡಲು ಕನ್ಸಲ್ಟೆಂಟ್ ಒಬ್ಬಳನ್ನು ಕಳುಹಿಸಿದ್ದರು. ಮೈಸೂರಿನವಳು, ಮೂವತ್ತೈದರ ಹೆಂಗಸು, ವೀಸಾದ ಮೇಲೆ ಬಂದವಳು. ಮನೆ ಅಟ್ಲಾಂಟಾದ ಪಕ್ಕ ಡುಲುತ್‌ನಲ್ಲಿ, ಅವಳ ಕಂಪನಿ ವರ್ಜೀನಿಯಾದ ಶ್ಯಾಂಟಿಲಿಯಲ್ಲಿ, ಕೆಲಸ ನಮ್ಮಲ್ಲಿ. ವಾರದ ದಿನಗಳಲ್ಲಿ ನಮ್ಮೂರಿನ ಮೋಟೆಲಿನಲ್ಲಿರುತ್ತಿದ್ದಳು. ಸಾರಿನ ವಾಸನೆ ಹಿಡಿದು ನಮ್ಮ ಮನೆ ಪತ್ತೆ ಮಾಡಿದಳು ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

"ಅಂಕಲ್, ಒಂದೇ ಬೋಲ್ಟಿಗೆ ಮೂರು ಮಿಲ್ಲಲ್ಲಿ ಮೂರು ಪಾರ್ಟ್ ನಂಬರ್ ಇದೆ. ಇದನ್ನೆಲ್ಲ ಹೇಗೆ ಮರ್ಜ್ ಮಾಡ್ಲಿ?"

"ನಿಧಾನವಾಗಿ."

"ನಿಧಾನ ಮಾಡಿದ್ರೆ ಶ್ಯಾಂಟಿಲಿಯಿಂದ ಡೈಲಿ ಕಾಲ್ ಮಾಡ್ತಾರೆ."

"ಮೊದ್ಲು ಕೂತ್ಕೊಂಡು ಊಟ ಮಾಡಮ್ಮ," ಎಂದಳು ಹೆಂಡತಿ. "ಇವರು ಏಳೂವರೆಗೆ ತಟ್ಟೆ ಎತ್ತಿಟ್ಟುಬಿಡ್ತಾರೆ. ಅದರಲ್ಲಿ ಅನ್ನ ಇದ್ರೂ ಸರಿ, ಇಲ್ದಿದ್ರೂ ಸರಿ."

"ಇನ್ನೊಂದು ಕೇಳ್ಬೇಕಿತ್ತು ಅಂಕಲ್. ಗ್ರೀನ್ ಅಂತ ಎಂಟರ್ ಮಾಡಿದ್ರೆ ಮೂರು ಥರ ನೂಲು ಬರತ್ತೆ. ಯಾವ ಗ್ರೀನ್ ಇಟ್ಕೊಳ್ಳಲಿ?"

"ಸಮಿತಿ ಹೇಳುತ್ತೆ. ಒಂಬತ್ತನೇ ವಿಷಯ."

"ಈಗ ಎಷ್ಟನೇದಕ್ಕೆ ಬಂದಿದೀರ?"

"ಎಂಟು ಮುಗೀತು. ಸಾಸು."

ಹೆಂಡತಿ ಸೌಟು ಹಿಡಿದೇ ನನ್ನನ್ನು ನೋಡಿದಳು. "ಐದು ತಿಂಗಳಿಂದ ಬುಧವಾರ ಬುಧವಾರ ಸೂಟ್ ಹಾಕ್ಕೊಂಡು ಹೋಗ್ತಿದ್ದಿದ್ದು ಸಾಸಿಗಾ?"

ಒಂಬತ್ತನೆಯ ವಿಷಯ ಬಂದದ್ದು ಮುಂದಿನ ಸಭೆಯ ಕೊನೆಯ ಹತ್ತು ನಿಮಿಷದಲ್ಲಿ. ಉಪಾಧ್ಯಕ್ಷ ವಿಮಾನ ಹಿಡಿಯಬೇಕಿತ್ತು. ರೈಲು ಹಳಿಯ ಗಿರಣಿಯವನು ಒಂದೇ ಪಟ್ಟಿ ತಂದಿದ್ದ: ಒಂದು ನಂಬರಿಗೆ ಒಂದು ಬಣ್ಣ, ಮೂರೂ ಗಿರಣಿಗಳಿಗೆ. ನೋಡಿದರೆ ಸರಿಯಾದ ಪಟ್ಟಿ. ಅದರ ಪ್ರಕಾರ ಮೂವತ್ತರ ನೂಲು ಗುಲಾಬಿ. ನದಿ ದಂಡೆಯವನು ತಮ್ಮ ಹಸಿರು ತನ್ನ ತಂದೆ ಆರಿಸಿದ ಬಣ್ಣವೆಂದು ಹೇಳಿ, ಪ್ರತಿ ಗಿರಣಿಯ ಪರಂಪರೆಯ ಬಣ್ಣವನ್ನು ಗೌರವಿಸಿ ಹಾಗೆಯೇ ಉಳಿಸಬೇಕೆಂದು ಸೂಚಿಸಿದ.

ಅನುಮೋದಿಸುವವರು ಯಾರು ಎಂದು ಉಪಾಧ್ಯಕ್ಷ ಗಡಿಯಾರ ನೋಡುತ್ತಾ ಕೇಳಿದ.

ನನಗೆ ಎಲ್ಲವೂ ಗೊತ್ತಿತ್ತು. ಮ್ಯಾಂಚೆಸ್ಟರಿನ ಯಜಮಾನರ ಕಥೆಯನ್ನು ಆ ಕೋಣೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಬೇರೆ ಇರಲಿಲ್ಲ. ಆದರೆ ನನ್ನ ಕಣ್ಣೆದುರು ನಮ್ಮ ಯಂತ್ರಗಳ ಮೇಲೆ ಸಾಲುಸಾಲಾಗಿ ಗುಲಾಬಿ ಕೋನುಗಳು ನಿಂತವು. ನಾನು ಕೈ ಎತ್ತಿದೆ. ಆಗ ಗಂಟೆ ನಾಲ್ಕೂ ಐವತ್ತೆರಡು. ನಡಾವಳಿಯಲ್ಲಿ ನಾನೇ ಬರೆದಿದ್ದೇನೆ.

ಕಂಪ್ಯೂಟರಿನವಳಿಗೆ ಹೇಳಿದಾಗ ಅವಳು ಚಪಾತಿ ಮುರಿಯುವುದನ್ನು ನಿಲ್ಲಿಸಿದಳು. "ಮೂರೂ ಗ್ರೀನ್ ಇರತ್ತಾ? ಯಾರು ಅಂಕಲ್ ಸೆಕೆಂಡ್ ಮಾಡಿದ್ದು?"

"ಸಮಿತಿಯಲ್ಲಿ ಒಬ್ಬರು."

"ಸರಿ, ನಾನು ಕಲರ್ ಮುಂದೆ ಮಿಲ್ಲಿನ ಕೋಡ್ ಆಡ್ ಮಾಡ್ತೀನಿ. ಸ್ಕ್ರೀನ್ ಮೇಲೆ ಕರೆಕ್ಟ್ ಆಗಿರತ್ತೆ. ಆದ್ರೆ ಗೋಡೌನಲ್ಲಿ ಫೋರ್ಕ್‌ಲಿಫ್ಟ್ ಓಡ್ಸೋರು ಸ್ಕ್ರೀನ್ ನೋಡಲ್ವಲ್ಲ. ಕೋನ್ ನೋಡ್ತಾರೆ."

ಎರಡು ತಿಂಗಳಲ್ಲಿ ಅವಳ ಮಾತು ನಿಜವಾಯಿತು. ಉತ್ತರ ಕ್ಯಾರೊಲೈನಾದ ಒಬ್ಬ ಹೆಣಿಗೆಯವನು ನಮ್ಮಿಂದ ಮೂವತ್ತರ ನೂಲು ಕೊಂಡು ಟೀ ಶರ್ಟಿನ ಬಟ್ಟೆ ಹೆಣೆಯುತ್ತಿದ್ದ. ದಪ್ಪ ನೂಲು ಸಣ್ಣ ನೂಲು ಬೆರೆತರೆ ಹೆಣೆಯುವಾಗ ಕಾಣುವುದಿಲ್ಲ. ಬಣ್ಣದ ತೊಟ್ಟಿಯಿಂದ ಹೊರಬಂದ ಮೇಲೆ ಅಡ್ಡಪಟ್ಟೆಗಳಾಗಿ ಏಳುತ್ತದೆ. ಆತ ಕಡುನೀಲಿಯ ಒಂದು ಶರ್ಟನ್ನು ಲಕೋಟೆಯಲ್ಲಿ ಹಾಕಿ ಕಳುಹಿಸಿದ. ಜೊತೆಗಿದ್ದ ಚೀಟಿಯಲ್ಲಿ 'ನಾವು ಜೀಬ್ರಾ ಕೇಳಿರಲಿಲ್ಲ' ಎಂದಷ್ಟೇ ಇತ್ತು. ಆಮೇಲೆ ಇನ್ನೊಬ್ಬ. ಆಮೇಲೆ ಮತ್ತೆ ಮೂವರು. ನೂಲು ಹೊರಟದ್ದು ನಮ್ಮ ಅಂಗಳದ ಗೋದಾಮಿನಿಂದ ಆದ್ದರಿಂದ ದೂರುಗಳೆಲ್ಲ ನಮ್ಮ ಗಿರಣಿಯ ಹೆಸರಿಗೆ ಬಿದ್ದವು. ಅಕ್ಟೋಬರಿನಲ್ಲಿ ಅಟ್ಲಾಂಟಾದಿಂದ ಪತ್ರ ಬಂತು: ನಮ್ಮನ್ನು ಹೊಸ ಕಣ್ಣಿನಿಂದ ನೋಡುವ ಕೆಲಸ ಶುರುವಾಗಿದೆ, ಮೊದಲ ಹೆಜ್ಜೆಯಾಗಿ ವರ್ಷದ ಕೊನೆಗೆ ನಮ್ಮ ಲ್ಯಾಬು ಮುಚ್ಚುವ ಸಾಧ್ಯತೆಯಿದೆ.

ಪರೀಕ್ಷಕಿ ಪತ್ರವನ್ನು ನಿಂತೇ ಓದಿದಳು.

"ನಮ್ಮ ನೂಲು ಸರಿಯಾಗಿದೆ."

"ನನಗೆ ಗೊತ್ತು. ತೋರಿಸೋದು ಹೇಗೆ? ಆ ನೂಲು ಹೋಗಿ ನಾಲ್ಕು ತಿಂಗಳಾಯ್ತು. ತೊಂಬತ್ತು ದಿನ ಆದ ಮೇಲೆ ಮಾದರಿ ಎಸೆಯಬೇಕು ಅಂತ ನಿಯಮ."

ಅದು ನಾನೇ ಮಾಡಿದ ನಿಯಮ. ಪ್ರತಿ ಬಾರಿ ನೂತ ನೂಲಿನ ಒಂದೊಂದು ಲಡಿಯನ್ನು ಚೀಟಿ ಕಟ್ಟಿ ಇಡುತ್ತಿದ್ದೆವು. ತೊಂಬತ್ತು ದಿನ ಕಳೆದ ಮೇಲೆ ಆಕೆ 'ಎಸೆದಾಯಿತು' ಎಂದು ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದಳು. ಹದಿನೇಳು ವರ್ಷ ನಾನು ಆ ಸಹಿಯ ಪಕ್ಕದಲ್ಲಿ ನನ್ನ ಸಹಿ ಹಾಕಿದ್ದೆ.

ಆಕೆ ಕಿಟಕಿಯ ಪಕ್ಕದ ಕಬ್ಬಿಣದ ಕಪಾಟಿನ ಬೀಗ ತೆಗೆದಳು. ಅದರಲ್ಲಿ ಹಳೆಯ ಫಾರಮ್ಮುಗಳಿವೆ ಎಂದು ನಾನು ತಿಳಿದಿದ್ದೆ. ಮೇಲಿಂದ ಕೆಳಗಿನ ತನಕ ಲಡಿಗಳು, ಪ್ರತಿಯೊಂದಕ್ಕೂ ಚೀಟಿ, ತಾರೀಖಿನ ಕ್ರಮದಲ್ಲಿ. ಎರಡು ವರ್ಷದ ನೂಲು.

"ಹಾಗಾದರೆ ಆ ಸಹಿ?" ಎಂದೆ.

"ಸಹಿ ನಿಮಗೆ ಬೇಕಿತ್ತು, ಕೊಟ್ಟೆ. ನೂಲು ನನಗೆ ಬೇಕಿತ್ತು, ಇಟ್ಟುಕೊಂಡೆ."

ಮೂರು ದಿನ ಇಬ್ಬರೂ ತೂಗಿದೆವು. ನಮ್ಮ ಹಸಿರಿನ ಲಡಿಗಳೆಲ್ಲ ಮೂವತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಗಿರಾಕಿಗಳು ವಾಪಸು ಕಳುಹಿಸಿದ್ದ ಹಸಿರು ಕೋನುಗಳನ್ನು ಬಿಚ್ಚಿ ತೂಗಿದರೆ ಕೆಲವು ಮೂವತ್ತು, ಕೆಲವು ಇಪ್ಪತ್ತಾರು. ಇಪ್ಪತ್ತಾರನ್ನು ನೂಲುತ್ತಿದ್ದದ್ದು ನದಿ ದಂಡೆಯವರು ಮಾತ್ರ, ಅವರದೂ ಅವರ ಪ್ರಕಾರ ಅಚ್ಚುಕಟ್ಟಾದ ಇಪ್ಪತ್ತಾರು. ಎಲ್ಲರ ನೂಲೂ ಸರಿಯಾಗಿತ್ತು. ತಪ್ಪಿದ್ದದ್ದು ನಾಲ್ಕೂ ಐವತ್ತೆರಡಕ್ಕೆ ಎತ್ತಿದ ಕೈ.

ವರದಿಯನ್ನು ನಾನು ಒಂದು ದಿನದಲ್ಲಿ ಮುಗಿಸಬೇಕಿತ್ತು. ನಾಲ್ಕು ದಿನ ತೆಗೆದುಕೊಂಡೆ. ಅಂಚು ಸರಿಮಾಡಿದೆ, ಕೋಷ್ಟಕಕ್ಕೆ ಗೆರೆ ಎಳೆದೆ, ಪುಟಸಂಖ್ಯೆಯನ್ನು ಮೇಲಿನಿಂದ ಕೆಳಕ್ಕೆ ತಂದೆ. ಬಣ್ಣಗಳನ್ನು ಹಾಗೆಯೇ ಉಳಿಸಿದ ವಿಷಯಕ್ಕೆ ಒಂದೂವರೆ ಸಾಲು ಕೊಟ್ಟೆ; ನಡಾವಳಿಯ ಪ್ರತಿ ಲಗತ್ತಿಸಲಿಲ್ಲ. ಪರೀಕ್ಷಕಿ ಬೆರಳಿಟ್ಟು ಓದುತ್ತಾ ಆ ಸಾಲಿನ ಹತ್ತಿರ ನಿಂತಳು.

"ಇದನ್ನ ತೀರ್ಮಾನ ಮಾಡಿದ್ದು ಯಾರು?"

"ಸಮಿತಿ."

"ಸಮಿತಿಯ ಕಾಗದ ಎಲ್ಲಿ? ಅದಿಲ್ಲದಿದ್ದರೆ ಅವರು ನದಿ ದಂಡೆಯವರನ್ನ ಮುಚ್ಚುತ್ತಾರೆ. ಅಲ್ಲೂ ನನ್ನಂಥವಳು ಒಬ್ಬಳಿದ್ದಾಳೆ. ಅವಳೂ ಸರಿಯಾಗೇ ತೂಗಿದ್ದಾಳೆ."

ಕಾಗದ ನನ್ನ ಡ್ರಾಯರಿನಲ್ಲೇ ಇತ್ತು. ತೆಗೆದು ಕೊಟ್ಟೆ. ಆಕೆ ಅನುಮೋದಕರ ಹೆಸರು ಓದಿದಳು. ಕಾಗದವನ್ನು ವರದಿಯ ಮೇಲಿಟ್ಟಳು.

"ಗುಲಾಬಿ ಅಷ್ಟೇನೂ ಕೆಟ್ಟ ಬಣ್ಣ ಅಲ್ಲ," ಎಂದಳು.

ನಾನು ಪ್ರತಿಯನ್ನು ಲಗತ್ತಿಸಿ, ಒಂದೂವರೆ ಸಾಲನ್ನು ಒಂದು ಪುಟ ಮಾಡಿ, ಕಳುಹಿಸಿದೆ.

ಉಪಾಧ್ಯಕ್ಷ ನವೆಂಬರಿನಲ್ಲಿ ಬಂದ. ಲ್ಯಾಬಿನ ಗಾಜಿನ ಕೋಣೆಯಲ್ಲಿ ನನ್ನೆದುರು ಕೂತು, ತಪ್ಪನ್ನು ಒಪ್ಪಿಕೊಳ್ಳುವುದು ನಮ್ಮ ಕುಟುಂಬದ ಮೌಲ್ಯ ಎಂದ. ಆ ತೀರ್ಮಾನದ ಸಭೆಗೆ ತಾನೇ ಅಧ್ಯಕ್ಷತೆ ವಹಿಸಿದ್ದು ಅವನಿಗೆ ನೆನಪಿರಲಿಲ್ಲ; ನಡಾವಳಿಗೆ ಇತ್ತು, ಆದರೆ ಅದು ಅವನ ಫೈಲಿನಲ್ಲಿ ಮುಚ್ಚಿತ್ತು. ಕಪಾಟು ಅವನ ಮನಸ್ಸಿಗೆ ಹಿಡಿಸಿತ್ತು. ಮೂರು ಗಿರಣಿಗಳ ಒಂದೇ ಲ್ಯಾಬು ಇಲ್ಲೇ ಇರಲಿ. ಉಳಿದ ಎರಡು ಕಡೆಯ ಪರೀಕ್ಷಕಿಯರೂ ಇಲ್ಲಿಗೇ ಬರಲಿ. ಯಾವ ಗಿರಣಿಯೂ ಸದ್ಯಕ್ಕೆ ಮುಚ್ಚುವುದಿಲ್ಲ. ಆದರೆ ಇಲ್ಲಿ ಎರಡು ಹಿರಿಯ ಹುದ್ದೆಗಳಿಗೆ ಜಾಗವಿಲ್ಲ.

"ನೀವು ಇರುತ್ತೀರಿ," ಎಂದ. "ನಿಮ್ಮ ಹಿರಿಯ ಪರೀಕ್ಷಕಿಗೆ ಒಂದು ಒಳ್ಳೆಯ ವಿದಾಯದ ಊಟ ಕೊಡೋಣ."

"ಸಾಸು ಯಾವುದು?" ಎಂದೆ. ಅವನು ನಿಜಕ್ಕೂ ಯೋಚನೆ ಮಾಡತೊಡಗಿದ.

ಲೆಕ್ಕ ಸರಳವಾಗಿತ್ತು. ನನಗೆ ಅರವತ್ತು ಕಳೆದಿತ್ತು. ನನ್ನ ಹೆಂಡತಿ ಕೌಂಟಿಯ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು, ನಮ್ಮಿಬ್ಬರ ವಿಮೆಯೂ ಅಲ್ಲೇ ಇತ್ತು. ಆ ಲ್ಯಾಬಿಗೆ ಬೇಕಾಗಿದ್ದವರು ನೂಲನ್ನು ಇಟ್ಟುಕೊಂಡವರು. ಎಸೆಯಿರಿ ಎಂದು ನಿಯಮ ಮಾಡಿದವರಲ್ಲ. ಒಂದು ಹಾಳೆಯಲ್ಲಿ, ಉಳಿಯುವ ಹುದ್ದೆ ಆಕೆಗಿರಲಿ ಎಂದು ರಾಜೀನಾಮೆಯ ನಾಲ್ಕು ಸಾಲು ಬರೆದು, ತಾರೀಖು ಹಾಕಿ, ಅವನ ಮುಂದಿಟ್ಟೆ. ಅವನು ಅದನ್ನು ಓದಿ, ಕುಟುಂಬದ ಬಗ್ಗೆ ಇನ್ನೊಂದು ಸಲ ಮಾತನಾಡಿ, ಹೊರಟ.

ಪರೀಕ್ಷಕಿಗೆ ತಿಳಿಸಿದಾಗ ಆಕೆ ತೋಳು ಕಟ್ಟಿಕೊಂಡು ನಿಂತಿದ್ದಳು.

"ನನ್ನನ್ನ ಕೇಳಿದಿರಾ?"

"ಇಲ್ಲ."

"ಅಟ್ಲಾಂಟಾದವರ ರೋಗ ನಿಮಗೂ ಹತ್ತಿತು. ಒಬ್ಬರ ಜೀವನದ ವಿಷಯ ಗಾಜಿನ ಕೋಣೆಯಲ್ಲಿ ಕೂತು ಮುಗಿಸೋದು." ಫೋನಿನ ಕಡೆ ತಿರುಗಿ, "ಈಗ ದಯವಿಟ್ಟು ಆಚೆ ಹೋಗಿ. ಫೋನ್ ಮಾಡಬೇಕು. ವಿಮೆ ನಿಂತೇ ಹೋಗತ್ತೆ ಅಂತ ಜನವರಿಯಿಂದ ಆಚೆಗಿನ ಡಾಕ್ಟರ ದಿನಗಳನ್ನೆಲ್ಲ ರದ್ದು ಮಾಡಿಬಿಟ್ಟಿದ್ದೆ," ಎಂದಳು.

ನಾನು ಹೊರಗೆ ನಿಂತೆ. ಗಾಜಿನ ಆಚೆಯಿಂದ ಆಕೆಯ ದನಿ ಕೇಳುತ್ತಿತ್ತು. ಹೌದು, ಮೊದಲಿನ ಹಾಗೇ. ಗುರುವಾರವೇ. ಬೆಳಿಗ್ಗೆ ಆದರೆ ಒಳ್ಳೆಯದು, ಮಧ್ಯಾಹ್ನ ಅವರಿಗೆ ಉಸಿರಾಡುವುದು ಕಷ್ಟ. ನನಗೆ ಧನ್ಯವಾದ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ.

ಜನವರಿಯಲ್ಲಿ ಮೂರು ಗಿರಣಿಗಳ ಪರೀಕ್ಷಕಿಯರು ಒಂದೇ ಕೋಣೆಯಲ್ಲಿ ಕೂತು, ಒಂದು ಊಟದ ಬಿಡುವಿನಲ್ಲಿ ಎಲ್ಲ ನಂಬರುಗಳಿಗೂ ಬಣ್ಣ ಗೊತ್ತುಮಾಡಿ ಗೋದಾಮಿನ ಗೋಡೆಗೆ ಅಂಟಿಸಿದರಂತೆ. ಕಂಪ್ಯೂಟರಿನವಳು ಡುಲುತ್‌ಗೆ ಹಿಂತಿರುಗುವ ದಾರಿಯಲ್ಲಿ ನಮ್ಮ ಮನೆಗೆ ಬಂದು ಹೇಳಿದಳು. ಏಕೀಕರಣ ಸಮಿತಿ ಆ ಪಟ್ಟಿಯನ್ನು ತನ್ನ ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಿತು. ಪರೀಕ್ಷಕಿ ತಾನು ಕೇಳಿದ್ದ ಎರಡು ವರ್ಷಕ್ಕೆ ಹನ್ನೊಂದು ದಿನ ಹೆಚ್ಚಾಗಿ ಕೆಲಸ ಮಾಡಿ ನಿವೃತ್ತಳಾದಳು. ಒಂಬತ್ತು ತಿಂಗಳಾದ ಮೇಲೆ ಕಂಪನಿ ನೂಲುವುದನ್ನು ಮೆಕ್ಸಿಕೋಗೆ ಸಾಗಿಸಿ ಮೂರೂ ಗಿರಣಿಗಳನ್ನು ಒಂದೇ ಶುಕ್ರವಾರ, ಒಂದೇ ಗಂಟೆಗೆ ಮುಚ್ಚಿತು. ಅಷ್ಟರಲ್ಲಿ ಆಕೆಯ ಗಂಡನಿಗೆ ಅರವತ್ತೈದು ತುಂಬಿ, ಅವರ ಗುರುವಾರಗಳನ್ನು ಸರ್ಕಾರ ವಹಿಸಿಕೊಂಡಾಗಿತ್ತು.